60 ದಾಟಿದ ಮೇಲೆ ತೂಕ ಇಳಿಯುತ್ತಾ?

ಇಳಿಯುತ್ತದೆ, ಆದರೆ ನಿಧಾನ. ನಿಮಗೆ 61, ಮೊಣಕಾಲು ನೋವು, ಶುಗರ್ ಮಾತ್ರೆ ಬೇರೆ, ಜಿಮ್ಮಿಗೆ ಹೋಗಲು ಸಂಕೋಚ ಅಂತ ಬರೆದಿದ್ದೀರಿ. ನನಗೆ 64. ತುಮಕೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೆ. 78 ಕೆಜಿಯಿಂದ 67ಕ್ಕೆ ಬರಲು ಎರಡು ವರ್ಷ ಹಿಡಿಯಿತು.

ಅದಕ್ಕೂ ಮೊದಲು ಒಂದು ಸಲ ಅವಸರ ಮಾಡಿ ಕೆಟ್ಟಿದ್ದೆ. ರಿಟೈರ್ ಆದ ಹೊಸದು, ಆಗ 76 ಕೆಜಿ. ರಾತ್ರಿ ಬರೀ ಪಪ್ಪಾಯಿ ತಿಂದುಕೊಂಡು ಎರಡೇ ತಿಂಗಳಲ್ಲಿ ಆರು ಕೆಜಿ ಇಳಿಸಿದೆ. ಎದುರು ಸಿಕ್ಕವರೆಲ್ಲ "ಯಾಕ್ ಮಿಸ್, ಹುಷಾರಿಲ್ವಾ?" ಅಂತ ಕೇಳುವವರೇ. ನೆಲದಿಂದ ಏಳಲು ಗೋಡೆ ಹಿಡಿಯಬೇಕಾಯಿತು. ನಮ್ಮ ವಯಸ್ಸಿನಲ್ಲಿ ಹೊಟ್ಟೆ ಕಟ್ಟಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಕೊಬ್ಬು ಬೇಗ ವಾಪಸ್ ಬರುತ್ತದೆ, ಮಾಂಸಖಂಡ ಅಷ್ಟು ಸುಲಭವಾಗಿ ಬರುವುದಿಲ್ಲ. ನನಗೆ ಹೋದ ಆರಕ್ಕೆ ಎಂಟು ಕೆಜಿ ಬಂತು.

ಎರಡನೇ ಸಲ ಏನನ್ನೂ ಬಿಡಲಿಲ್ಲ. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಸುಮ್ನೆ ಬರೆದಿಟ್ಟೆ. ನೋಡಿದರೆ ನನ್ನ ಊಟವೇನೂ ಜಾಸ್ತಿ ಇರಲಿಲ್ಲ, ಮಿಕ್ಕಿದ್ದು ತಿನ್ನುವುದೇ ಜಾಸ್ತಿ! ಮೊಮ್ಮಗಳು ಬಿಟ್ಟ ಅರ್ಧ ದೋಸೆ, ಬಾಣಲೆ ತಳದ ಎರಡು ಸೌಟು ಚಿತ್ರಾನ್ನ, ನಾಳೆಗೆ ಹಳಸುತ್ತದೆ ಅಂತ ಪಾತ್ರೆ ತೊಳೆಯುವ ಮುಂಚೆ ನಿಂತುಕೊಂಡೇ ತಿಂದ ಪಲ್ಯ. ಅನ್ನ ಚೆಲ್ಲಬಾರದು ಅಂತ ಹೇಳಿಸಿಕೊಂಡು ಬೆಳೆದವರು ನಾವು, ಅಲ್ವಾ? ಚೆಲ್ಲಲಿಲ್ಲ. ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಮ್ಮಿ ಮಾಡಿದೆ. ಮೂರು ತಿಂಗಳಲ್ಲಿ ಎರಡು ಕೆಜಿ ಹೋಯಿತು.

ಆಮೇಲೆ ಕಾಫಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂತ ಹಿಡಿದರೂ 50 ಗ್ರಾಂ, ಅಂದರೆ 200 ಕ್ಯಾಲೊರಿ. ಹದಿನೈದು ದಿನಕ್ಕೆ ಕಾಲು ಚಮಚದಂತೆ ಇಳಿಸಿದೆ, ನಾಲಿಗೆಗೆ ಗೊತ್ತೇ ಆಗಲಿಲ್ಲ. ಬೆಲ್ಲ ಹಾಕಿಕೊಳ್ಳಿ ಅನ್ನುವವರ ಮಾತು ಕೇಳಬೇಡಿ. ಬೆಲ್ಲ ಸಕ್ಕರೆಯ ಒಡಹುಟ್ಟಿದ ತಮ್ಮ. ಮುದ್ದೆಯ ವಿಷಯವೂ ಹಾಗೇ. ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ, ನಿಜ. ಆದರೆ ತೂಕಕ್ಕೆ ತೂಕ ನೋಡಿದರೆ ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಅಂಥ ವ್ಯತ್ಯಾಸವಿಲ್ಲ. ನಮ್ಮ ಕಡೆ ಮುದ್ದೆ ಕಟ್ಟುವ ಗಾತ್ರ ನಿಮಗೂ ಗೊತ್ತು!

ಅನ್ನ ಕಮ್ಮಿಯಾದ ಜಾಗಕ್ಕೆ ಮೊಳಕೆ ಹೆಸರುಕಾಳು, ಹುರುಳಿಕಾಳಿನ ಉಸಲಿ, ಮೊಸರು ಬಂದವು.

ನಿಮ್ಮ ಮೊಣಕಾಲಿಗೆ ನಾನು ಹೇಳುವುದು ಕುರ್ಚಿ. ಕೈ ಊರದೆ ಎದ್ದು ನಿಲ್ಲಿ, ನಿಧಾನವಾಗಿ ಕೂರಿ. ನನಗೆ ಇದನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು, ನೀವೂ ಒಮ್ಮೆ ತೋರಿಸಿಕೊಂಡೇ ಶುರುಮಾಡಿ. ಮೊದಲ ದಿನ ನಾಲ್ಕಕ್ಕೇ ತೊಡೆ ನಡುಗಿತು. ಈಗ ಸೀರಿಯಲ್ ಮಧ್ಯೆ ಜಾಹೀರಾತು ಬಂದಾಗ ಹದಿನೈದು ಸಲ ಮಾಡುತ್ತೇನೆ. ವಾಕಿಂಗ್ ಹತ್ತು ನಿಮಿಷದಿಂದ ಶುರುವಾಗಿ ಮೂವತ್ತೈದಕ್ಕೆ ಬಂದಿದೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ, ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಾರ್ಕಿಗೆ ಬರುವ ನಮ್ಮವರೆಲ್ಲ ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ.

ಮಧ್ಯದಲ್ಲಿ ನಾಲ್ಕು ತಿಂಗಳು ತೂಕದ ಮುಳ್ಳು ಅಲ್ಲಾಡಲೇ ಇಲ್ಲ. ಬೇಜಾರಾಗಿ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿ ಟೇಪ್ ಹಿಡಿದೆ. ಸೊಂಟದ ಸುತ್ತಳತೆ ಮಾತ್ರ ಇಳಿಯುತ್ತಲೇ ಇತ್ತು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು, ಗಂಡಸರಿಗೆ 90. ನನ್ನದು 98 ಇದ್ದದ್ದು 88ಕ್ಕೆ ಬಂದಿದೆ. ಬಿಚ್ಚಿಸಿ ಬಿಚ್ಚಿಸಿ ಸಾಕಾಗಿದ್ದ ರವಿಕೆಗಳಿಗೆ ಟೈಲರ್ ಮತ್ತೆ ಒಳಹೊಲಿಗೆ ಹಾಕಿಕೊಟ್ಟ.

ಒಂದು ಮುಖ್ಯ ವಿಷಯ. ಊಟ ಕಮ್ಮಿ ಮಾಡುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ಊಟ ಇಳಿದು ಮಾತ್ರೆ ಅಷ್ಟೇ ಇದ್ದರೆ, ಕೆಲವು ಮಾತ್ರೆಗಳಿಂದ ಶುಗರ್ ತೀರಾ ಕೆಳಗೆ ಹೋಗಿ ಕೈ ನಡುಗುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ. ಪರ್ಸಿನಲ್ಲಿ ಎರಡು ಗ್ಲೂಕೋಸ್ ಬಿಸ್ಕೆಟ್ ಅಲ್ಲ, ಸಕ್ಕರೆಯನ್ನೇ ಇಟ್ಟುಕೊಳ್ಳಿ, ಅದು ಬೇಗ ಕೆಲಸ ಮಾಡುತ್ತದೆ. ಹಾಗೇ, ಏನೂ ಮಾಡದೆ ತಾನಾಗಿ ತೂಕ ಇಳಿಯತೊಡಗಿದರೆ ಖುಷಿಪಡಬೇಡಿ, ಹೋಗಿ ತೋರಿಸಿ.