ಸಹಿ ಹಾಕುವ ಮುನ್ನ ಇಲಿಯ ವಯಸ್ಸು ಕೇಳಿ

ಪ್ರಶ್ನೆ: ಪಿಎಚ್‌ಡಿಯಲ್ಲಿ ಎಳೆ ಇಲಿಗಳ ಹೃದಯಕೋಶಗಳ ಮೇಲೆ ಕೆಲಸ ಮಾಡಿದ್ದೇನೆ. ಈಗ ಮುಪ್ಪಿನ ಹೃದಯದ ಬಗ್ಗೆ ಸಂಶೋಧಿಸುವ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ) ಹುದ್ದೆ ಸಿಕ್ಕಿದೆ. ಹೆಸರಾಂತ ಪ್ರಯೋಗಾಲಯ, ಒಪ್ಪಂದ ಎರಡು ವರ್ಷ. ಮನೆಯವರು ‘ಇನ್ನೂ ಎಷ್ಟು ದಿನ?’ ಎನ್ನುತ್ತಿದ್ದಾರೆ. ನನಗೂ ಅಳುಕು. ಸೇರಲೇ?

ಉತ್ತರ: ನಿಮ್ಮ ಅಳುಕಿಗೆ ಕಾರಣವಿದೆ, ಆದರೆ ಅದು ಮನೆಯವರ ಮಾತಲ್ಲ, ಕ್ಯಾಲೆಂಡರ್. ಮನುಷ್ಯರಲ್ಲಿ ಸುಮಾರು 70 ಎನ್ನುವ ಮುಪ್ಪು ಇಲಿಗೆ ಬರುವುದು 24 ತಿಂಗಳಿಗೆ. ನೀವು ಸೇರಿದ ಮೇಲೆ ಮರಿಗಳನ್ನು ಸಾಕಲು ಶುರುಮಾಡಿದರೆ, ಅವು ಮುದಿಯಾಗುವ ದಿನವೇ ನಿಮ್ಮ ಒಪ್ಪಂದ ಮುಗಿಯುತ್ತದೆ. ಹಾಗಾಗಿ ಮೊದಲ ಪ್ರಶ್ನೆ: ಈಗ ಪಂಜರದಲ್ಲಿರುವ ಇಲಿಗಳ ವಯಸ್ಸೆಷ್ಟು, ಅವುಗಳಲ್ಲಿ ನನಗೆಷ್ಟು? ‘ತರಿಸಿಕೊಳ್ಳೋಣ’ ಎಂದರೆ ಯಾವ ತಿಂಗಳು ಎಂದು ಬರಹದಲ್ಲಿ ಕೇಳಿ. ವಯಸ್ಸಾದ ಇಲಿಗಳಲ್ಲಿ ಕಾಲು ಭಾಗವೋ ಮೂರನೇ ಒಂದು ಭಾಗವೋ ಮಧ್ಯದಲ್ಲೇ ಸಾಯುತ್ತವೆ, ಹೆಚ್ಚಾಗಿ ಲಿಂಫೋಮಾದಂಥ ಕ್ಯಾನ್ಸರ್ ಗಡ್ಡೆಗಳಿಂದ. ಕೊನೆಗೆ 12 ಬೇಕಿದ್ದರೆ 18ರಿಂದಲಾದರೂ ಆರಂಭಿಸಿರಬೇಕು. ಉಳಿದವು ಗಟ್ಟಿಮುಟ್ಟಾದವೇ ಆದ್ದರಿಂದ ಫಲಿತಾಂಶವೂ ಸ್ವಲ್ಪ ಬಾಗಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನಿಮ್ಮ ಕೈಚಳಕ ವ್ಯರ್ಥವಾಗದು, ಆದರೆ ಎಳೆ ಹೃದಯದ ಲೆಕ್ಕ ಇಲ್ಲಿ ನಡೆಯದು. ಮುದಿ ಹೃದಯದಲ್ಲಿ ಕೋಶಗಳನ್ನು ಹಿಡಿದಿಡುವ ನಾರಿನಂಥ ಪ್ರೋಟೀನ್ ಕೊಲಾಜನ್ ಹೆಚ್ಚು. ಹೊರತೆಗೆದ ಹೃದಯದ ರಕ್ತನಾಳಗಳಿಗೆ ದ್ರಾವಣ ಹರಿಸುವ ಲ್ಯಾಂಗೆಂಡಾರ್ಫ್ ಸಾಧನದಲ್ಲಿ, ಕೊಲಾಜನ್ ಕರಗಿಸುವ ಕಿಣ್ವ ಕೊಲಾಜನೇಸ್ ಹಾಯಿಸುವ ಸಮಯವನ್ನು ಹಳೆಯ ಅಭ್ಯಾಸದಂತೆ ಇಟ್ಟರೆ ಕೋಶಗಳು ಬಿಡಿಬಿಡಿಯಾಗುವುದಿಲ್ಲ, ಅಂದಾಜಿಲ್ಲದೆ ಹೆಚ್ಚಿಸಿದರೆ ಕೋಲಿನಂತಿರಬೇಕಾದ ಕೋಶಗಳು ದುಂಡಗಾಗಿ ಸಾಯುತ್ತವೆ. ಕೋಶ ಬಿಡಿಸಲು ತೆಗೆದಿದ್ದ ಕ್ಯಾಲ್ಸಿಯಂ ಮರಳಿಸುವಾಗಲೂ ಹಂತಹಂತವಾಗಿಯೇ ಹೋಗಬೇಕು. ಮೊದಲ ಎರಡು ಮೂರು ತಿಂಗಳು ಇದಕ್ಕೇ ಹೋಗುತ್ತದೆ, ಬೇಸರಿಸಬೇಡಿ.

ಪ್ರೋಟೀನ್ ಗುರುತಿಸಲು ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಮೋಸ ಮಾಡುವುದು ಲಿಪೊಫಸ್ಸಿನ್. ಮುದಿ ಕೋಶದಲ್ಲಿ ಕೂಡಿಬಿದ್ದ ಈ ಕಸ ತಾನಾಗಿಯೇ ಹೊಳೆಯುತ್ತದೆ, ಅದೂ ಹಲವು ಬಣ್ಣಗಳಲ್ಲಿ. ಮುದಿ ಹೃದಯದ್ದೇ ಬಣ್ಣ ಹಾಕದ ಒಂದು ತುಣುಕನ್ನು ಪ್ರತಿಸಲ ಜೊತೆಗಿಡಿ, ಈ ಹೊಳಪನ್ನು ಅಡಗಿಸುವ ಸುಡಾನ್ ಬ್ಲಾಕ್ ಎಂಬ ಕಪ್ಪು ಬಣ್ಣ ಬಳಸಿ ನೋಡಿ. ‘ಮುಪ್ಪಿನಲ್ಲಿ ಪ್ರೋಟೀನ್ ಹೆಚ್ಚಾಯಿತು’ ಎಂಬ ಎಷ್ಟೋ ಸಂಭ್ರಮ ಈ ತುಣುಕಿನಿಂದಲೇ ಇಳಿಯುತ್ತದೆ.

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಕಲಿಸುವವರು ಯಾರೆಂದೂ ವಿಚಾರಿಸಿ. ಮುಪ್ಪಿನಲ್ಲಿ ಮೊದಲು ಕೆಡುವುದು ಹೃದಯ ಸಡಿಲಗೊಳ್ಳುವ ಹಂತ, ಹಿಂಡುವ ಬಲವಲ್ಲ. ಎಚ್ಚರದ ಇಲಿಯ ಹೃದಯ ನಿಮಿಷಕ್ಕೆ 500ರಿಂದ 600 ಸಲ ಬಡಿಯುವಾಗ ಸಡಿಲಗೊಂಡ ಹೃದಯಕ್ಕೆ ರಕ್ತ ತುಂಬುವುದನ್ನು ತೋರಿಸುವ ಇ ಮತ್ತು ಎ ಅಲೆಗಳು ಒಂದಾಗಿಬಿಡುತ್ತವೆ, ಮತ್ತು ಬರಿಸುವ ಐಸೊಫ್ಲುರೇನ್ ಹೆಚ್ಚಿಸಿ ಬಡಿತ ಇಳಿಸಿದರೆ ಅಲೆ ಬೇರೆಯಾಗುತ್ತದೆ, ಹೃದಯದ ಬಲವೂ ಕುಗ್ಗುತ್ತದೆ. ಎಳೆ, ಮುದಿ ಎರಡೂ ಗುಂಪುಗಳನ್ನು ಒಂದೇ ಬಡಿತದ ವ್ಯಾಪ್ತಿಯಲ್ಲಿ ಅಳೆಯದಿದ್ದರೆ ವ್ಯತ್ಯಾಸ ಮುಪ್ಪಿನದೋ ಮತ್ತಿನದೋ ತಿಳಿಯದು.

18 ತಿಂಗಳು ದಾಟಿದ ಇಲಿಗಳು ಈಗಲೇ ಕೈಗೆ ಸಿಗುವುದಾದರೆ ಸೇರಿ. ಇಲ್ಲವಾದರೆ ಮೂರನೇ ವರ್ಷವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಅಥವಾ ಎರಡು ಮೂರು ತಿಂಗಳು ಮಾತ್ರ ಬದುಕುವ ಹಣ್ಣುನೊಣದಲ್ಲಿ ಅದೇ ಪ್ರಶ್ನೆಯನ್ನು ಮೊದಲು ಕೇಳಲು ಅವರಿಗೆ ಒಪ್ಪಿಗೆಯೇ ನೋಡಿ. ಎರಡಕ್ಕೂ ‘ಬಂದ ಮೇಲೆ ಮಾತಾಡೋಣ’ ಎಂಬ ಉತ್ತರ ಬಂದರೆ ಬೇಡ ಎನ್ನಿ, ಪ್ರಯೋಗಾಲಯಕ್ಕೆ ಎಷ್ಟೇ ಹೆಸರಿದ್ದರೂ.