ಮುಖಕ್ಕಿಂತ ಮೊದ್ಲು ನಂಗೆ ಗೊತ್ತಿದ್ದಿದ್ದು ಅವರ ಆರ್ಮಿ ನಂಬರ್

ಒಬ್ಬರ ಮುಖ ಒಬ್ಬರು ನೋಡದೇ ಬರೀ ಪತ್ರದಲ್ಲಿ ಪ್ರೀತಿ ಹುಟ್ಟುತ್ತಾ ಅಂತ ಕೇಳಿದ್ದೀರ. ಹುಟ್ಟುತ್ತೆ, ತುಂಬಾ ನಿಧಾನಕ್ಕೆ. ನಂಗೆ ಎರಡು ವರ್ಷ ಹಿಡೀತು.

1997ರಲ್ಲಿ ತುಮಕೂರಲ್ಲಿ ಟಿಸಿಎಚ್ (ಟೀಚರ್ ಟ್ರೈನಿಂಗ್) ಓದ್ತಿದ್ದೆ, ವಾರಪತ್ರಿಕೆ ಒಂದರ ಪತ್ರಮಿತ್ರರ ಅಂಕಣದಲ್ಲಿ ನನ್ನ ಹೆಸ್ರು ಬಂತು. ಬಂದ ಕಾಗದಗಳಲ್ಲಿ ಒಂದಕ್ಕೆ ಸ್ಟಾಂಪೇ ಇರ್ಲಿಲ್ಲ, ಸೀಲಲ್ಲೂ ಊರ ಹೆಸ್ರಿಲ್ಲ. ಬರೆದವ್ರು ಹಾಸನದ ಕಡೆಯವರು, ಸೇನೆಯ ಇಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು. ವಿಳಾಸ ಅಂದ್ರೆ ಆರ್ಮಿ ನಂಬರು, ಹೆಸ್ರು, ಯೂನಿಟ್ಟು, ಕೇರಾಫ್ 56 ಎಪಿಓ (ಸೇನೆಯ ಅಂಚೆ ಕಚೇರಿ), ಅಷ್ಟೇ. ಎಲ್ಲಿದ್ದೀರ ಅಂತ ಕೇಳಿದ್ದಕ್ಕೆ "ಅದನ್ನ ಬರೆಯೋ ಹಾಗಿಲ್ಲ, ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಮರ ಇಲ್ಲ" ಅಂತ ಬರೆದಿದ್ರು. ಅದು ಲೇಹ್ ಕಡೆ ಅಂತ ಆಮೇಲೆ ತಿಳೀತು.

ಆಗೆಲ್ಲ ಚಳಿಗಾಲ ಬಂದ್ರೆ ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರೀಲಿರೋ ಜೋಜಿಲಾ ಕಣಿವೆ ಹಿಮದಲ್ಲಿ ಮುಚ್ಚೋಗ್ತಿತ್ತು, ಟಪಾಲು ವಿಮಾನದಲ್ಲೇ ಬರ್ಬೇಕಿತ್ತು, ಮೋಡ ಕವಿದ್ರೆ ವಿಮಾನನೂ ಇರ್ತಿರ್ಲಿಲ್ಲ. ಮೂರು ವಾರ ಒಂದೂ ಬರ್ದೇ ಆಮೇಲೆ ನಾಲ್ಕು ಒಟ್ಟಿಗೆ ಬರೋದು, ಯಾವುದು ಮೊದ್ಲು ಬರೆದಿದ್ದು ಅಂತಾನೇ ತಿಳೀತಿರ್ಲಿಲ್ಲ, ಅದಕ್ಕೆ ಇಬ್ರೂ ಮೂಲೇಲಿ ನಂಬರ್ ಹಾಕೋಕೆ ಶುರು ಮಾಡಿದ್ವಿ. ನಂಗೆ ಜ್ವರ ಅಂತ ಬರೆದ್ರೆ ವಾಸಿಯಾಗಿ ತಿಂಗಳಾದ್ಮೇಲೆ "ಹೇಗಿದೆ ಈಗ" ಅಂತ ಬರ್ತಿತ್ತು. ಒಂದು ತಿಂಗಳು ಒಬ್ರು ನನ್ನ ಜ್ವರನ ಮನಸ್ಸಲ್ಲಿ ಇಟ್ಕೊಂಡಿದ್ರಲ್ಲ ಅನ್ನಿಸ್ತಿತ್ತು, ನಂಗೆ ಹಿಡಿಸಿದ್ದೇ ಅದು.

"ಮಾನ್ಯರೇ" ಹೋಗಿ "ಆತ್ಮೀಯರೇ" ಬರೋಕೇ ಒಂದು ವರ್ಷ ಆಯ್ತು. ನೀವು ಮಾತ್ರ ನೀವೇ.

1999ರ ಮೇ ತಿಂಗಳಲ್ಲಿ ಕಾರ್ಗಿಲ್ ಶುರುವಾಯ್ತು, ಕಾಗದ ನಿಂತೋಯ್ತು. ನಾನು ಉತ್ತರಕ್ಕೆ ಕಾಯ್ದೇ ವಾರಕ್ಕೊಂದು ಹಾಕ್ತಾನೇ ಇದ್ದೆ, ಟಿವಿ ವಾರ್ತೆ ಟೈಮಲ್ಲಿ ಅಪ್ಪನ ಪಕ್ಕ ಕೂತ್ರೂ ಯಾರಿಗೋಸ್ಕರ ನೋಡ್ತಿದ್ದೀನಿ ಅಂತ ಹೇಳೋ ಹಾಗಿಲ್ಲ, ಊಟ ಸೇರ್ತಿರ್ಲಿಲ್ಲ. ಜುಲೈಲಿ ಒಂದು ಬಂತು, ಪೆನ್ಸಿಲ್ಲಲ್ಲಿ, ಮೂರೇ ಸಾಲು. "ನಿಮ್ಮ 31, 32, 33 ಒಟ್ಟಿಗೆ ಸಿಕ್ತು. ನಾನು ಚೆನ್ನಾಗಿದ್ದೀನಿ. ನೀನು ಗಾಬರಿ ಆಗ್ಬೇಡ." ಮೊದಲ್ನೇ ಸಾಲಲ್ಲಿ ನಿಮ್ಮ, ಕೊನೇದ್ರಲ್ಲಿ ನೀನು. ಬೇಕಂತ ಬರೆದ್ರೋ ಕೈ ತಪ್ಪಿ ಬಂತೋ, ಆ ಒಂದು ಪದ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಅವತ್ತೇ ಗೊತ್ತಾಯ್ತು ನಂಗೆ. ಮುಂದಿನ ಕಾಗದದಲ್ಲಿ ನಾನೂ ನೀನು ಅಂತ ಬರೆದೆ.

ನವೆಂಬರಲ್ಲಿ ರಜಾ ಸಿಕ್ತು, ಕರ್ನಾಟಕ ಎಕ್ಸ್‌ಪ್ರೆಸ್ಸಲ್ಲಿ ಬರ್ತೀನಿ ಅಂತ ಬರೆದ್ರು. ಅಕ್ಕನ್ನ ಕರ್ಕೊಂಡು ಬೆಂಗಳೂರು ಸ್ಟೇಷನ್ನಿಗೆ ಹೋದೆ. ಇಬ್ರೂ ಫೋಟೋ ಕಳ್ಸಿರ್ಲಿಲ್ಲ, ಆ ಜನದಲ್ಲಿ ಹುಡುಕೋದು ಹೆಂಗೆ? ಪ್ಲಾಟ್‌ಫಾರಂ ಮೇಲೆ ಒಂದು ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಪೇಂಟಲ್ಲಿ ಆರ್ಮಿ ನಂಬರು. 41 ಸಲ ನನ್ನ ಕೈಯಾರೆ ಬರೆದ ನಂಬರು. ಅಲ್ಲೇ ನಿಂತ್ಕೊಂಡೆ, ಆಮೇಲೆ ತಲೆ ಎತ್ತಿ ಮುಖ ನೋಡಿದ್ದು.

"ನೀವು ಬಂದು ತುಂಬಾ ಹೊತ್ತಾಯ್ತಾ?" ಅಂದ್ರು.