ಯಂತ್ರಕ್ಕೆ ಕೈಕಾಲು ಯಾಕೆ?

ಶಿರಸಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಮನುಷ್ಯರ ಹಾಗೇ ಇರುವ ರೋಬೋಟ್‌ಗಳು ಫ್ಯಾಕ್ಟರಿಗೆ ಬರುತ್ತಿವೆ ಅಂತ ಕಳೆದ ಸಂಚಿಕೆಯಲ್ಲಿ ಓದಿದೆ. ನನ್ನ ಮಗ ಕಾರವಾರದಲ್ಲಿ ಐಟಿಐ ಫಿಟ್ಟರ್ ಓದುತ್ತಿದ್ದಾನೆ. ಓದು ಬಿಡಿಸಿ ತೋಟಕ್ಕೆ ಕರೆಸಿಕೊಳ್ಳಲೇ? ಅಷ್ಟಕ್ಕೂ ಯಂತ್ರಕ್ಕೆ ಕೈಕಾಲು ಯಾಕೆ ಬೇಕು?"

ಅಕ್ಕಾ, ದಯವಿಟ್ಟು ಓದು ಬಿಡಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಫ್ಯಾಕ್ಟರಿಗೆ ರೋಬೋಟ್ ಹೊಸದೇನಲ್ಲ. 1961ರಲ್ಲೇ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಯುನಿಮೇಟ್ ಎಂಬ ಒಂಟಿ ಕೈಯ ಯಂತ್ರ ಕೆಲಸಕ್ಕೆ ನಿಂತಿತ್ತು. ಆದರೆ ಅದು ನಿಂತಲ್ಲೇ ನಿಲ್ಲುವ ಯಂತ್ರ. ಕಾರ್ಖಾನೆಯ ಮೆಟ್ಟಿಲು, ಬಾಗಿಲು, ಕಪಾಟು, ತಳ್ಳುಗಾಡಿ ಎಲ್ಲ ಇರುವುದು ನಮ್ಮ ಮೈಯ ಅಳತೆಗೆ ಅಲ್ವಾ? ಅದನ್ನೆಲ್ಲ ಕಿತ್ತು ಕಟ್ಟುವ ಬದಲು ನಮ್ಮ ಅಳತೆಯ ಯಂತ್ರವನ್ನೇ ಮಾಡೋಣ ಅನ್ನುವುದು ಈಗಿನ ಸ್ಟಾರ್ಟ್‌ಅಪ್‌ಗಳ ಲೆಕ್ಕ. 2022ರಲ್ಲಿ ಶುರುವಾದ ಫಿಗರ್ ಕಂಪನಿಯ ರೋಬೋಟ್ ಅಮೆರಿಕದ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ತಗಡಿನ ಭಾಗಗಳನ್ನು ಎತ್ತಿ ಜಾಗಕ್ಕೆ ಕೂರಿಸಿದೆ. ಅಜಿಲಿಟಿ ಕಂಪನಿಯ ಡಿಜಿಟ್ ಎಂಬ ಎರಡು ಕಾಲಿನ ರೋಬೋಟ್ ಅಲ್ಲಿನ ಜಾರ್ಜಿಯಾ ರಾಜ್ಯದ ಗೋದಾಮಿನಲ್ಲಿ ಡಬ್ಬಿಗಳನ್ನು ಎತ್ತಿ ಬೆಲ್ಟ್ ಮೇಲೆ ಇಟ್ಟಿದೆ. ಅದು ಹೊರುವುದು ಸುಮಾರು 16 ಕಿಲೋ. ಎರಡೂ ಕಡೆ ಕೆಲಸ ಒಂದೇ: ಇಲ್ಲಿಂದ ಎತ್ತು, ಅಲ್ಲಿ ಇಡು.

ಇದಕ್ಕಿಂತ ಮುಂದಿನ ಕೆಲಸ ಯಾಕೆ ಕಷ್ಟ ಅಂತ ನಿಮ್ಮ ಅಂಗಳದಲ್ಲೇ ನೋಡಬಹುದು. ಸುಗ್ಗಿಯ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತವರು ಹಸಿ ಅಡಿಕೆಯನ್ನು ಒತ್ತಿ, ಹೊರಳಿಸಿ, ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ಬಾಯಲ್ಲಿ ಊರ ಸುದ್ದಿ. ಕಾಯಿ ಒದ್ದೆ, ಜಾರುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಎಷ್ಟು ಒತ್ತಿದರೆ ಸಿಪ್ಪೆ ಬಿಡುತ್ತದೆ, ಎಲ್ಲಿ ಒಳಗಿನ ಅಡಿಕೆಗೆ ಗಾಯವಾಗುತ್ತದೆ ಅನ್ನುವುದು ಬೆರಳಿಗೆ ಗೊತ್ತು. ಸುಲಿಯುವ ಯಂತ್ರ ಬಂದಿದೆ, ನಿಜ. ಅದು ಸುಲಿಯುವುದೊಂದನ್ನೇ ಮಾಡುತ್ತದೆ. ಸುಲಿದ ಕೈಯೇ ಆಮೇಲೆ ಒಲೆಗೆ ಕಟ್ಟಿಗೆ ಒಟ್ಟುತ್ತದೆ, ಮಗುವಿನ ಅಂಗಿಗೆ ಗುಂಡಿ ಹಾಕುತ್ತದೆ. ಅಂಥ ಕೈ ಮಾಡುವುದೇ ಈ ರೋಬೋಟ್ ಕಂಪನಿಗಳಿಗೆಲ್ಲ ದೊಡ್ಡ ತಲೆನೋವು.

ಕಾಲಿನದು ಬೇರೆಯೇ ಕಥೆ. ನೆಲಕ್ಕೆ ಬಿಗಿದ ಯಂತ್ರದ ಕರೆಂಟ್ ತೆಗೆದರೆ ಅದು ಸುಮ್ನೆ ನಿಲ್ಲುತ್ತದೆ. ಎರಡು ಕಾಲಿನದಕ್ಕೆ ನಿಲ್ಲುವುದಕ್ಕೂ ಕರೆಂಟ್ ಬೇಕು. ತೆಗೆದರೆ ಬೀಳುತ್ತದೆ. ಅರವತ್ತೆಪ್ಪತ್ತು ಕಿಲೋ ಲೋಹ ಪಕ್ಕದಲ್ಲಿದ್ದವರ ಮೇಲೆ ಬಿದ್ದರೆ? ಆ ಭಯಕ್ಕೇ ಡಿಜಿಟ್ ಅನ್ನು ಜನರಿಂದ ದೂರ ಇಟ್ಟು ದುಡಿಸಿದ್ದಾರೆ.

ಅದರ ಒಂದೊಂದು ಕೀಲಿನಲ್ಲೂ ಮೋಟರ್, ಗೇರ್, ಬೇರಿಂಗ್ ಇವೆ. ಅವು ಸವೆಯುತ್ತವೆ. ಬಿಚ್ಚಿ ಸರಿಯಾಗಿ ಕೂರಿಸಲು ಫಿಟ್ಟರ್ ಕೈ ಬೇಕೇ ಬೇಕು. ಮಗನಿಗೆ ಜೊತೆಗೆ ಸೆನ್ಸರ್, ವೈರಿಂಗ್ ಕೆಲಸವನ್ನೂ ಕಲಿಯಲು ಹೇಳಿ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆಯವರದ್ದು. ಹತ್ತನೇ ಕ್ಲಾಸ್ ಮುಗಿಸಿ ಗೋವಾಕ್ಕೋ ಬೆಂಗಳೂರಿಗೋ ಬಸ್ ಹತ್ತಿ, ಗೋದಾಮಿನಲ್ಲಿ ಗುತ್ತಿಗೆ ಮೇಲೆ ಡಬ್ಬಿ ಎತ್ತುವ ನಮ್ಮೂರ ಹುಡುಗರದ್ದು. ಈ ಯಂತ್ರ ಮೊದಲು ಬಂದು ನಿಲ್ಲುವುದು ಅವರ ಜಾಗದಲ್ಲೇ. ನಿಮ್ಮ ಕೇರಿಯಲ್ಲಿ ಹಾಗೆ ಹೊರಟವರು ಯಾರಾದರೂ ಇದ್ದರೆ, ಮಗ ರಜೆಗೆ ಬಂದಾಗ ಅವರ ಐಟಿಐ ಅರ್ಜಿಯನ್ನೂ ಅವನ ಕೈಯಲ್ಲೇ ತುಂಬಿಸಿ.